'ಏಳು' ಅನ್ನದ ಜನ: ಒಂದು ಕಲ್ಪನೆಯ ವ್ಯಾಪಾರಿ ಕುಲದ ರೀತಿ ರಿವಾಜು

ನಮ್ಮ ಅಕ್ಕನ ಮಗಳಿಗೆ ಹನ್ನೆರಡು ವರ್ಷ. ಕಳೆದ ದಸರಾ ರಜೆಗೆ ಮಂಡ್ಯದಿಂದ ನಮ್ಮ ಮೈಸೂರಿನ ಮನೆಗೆ ಬಂದವಳು ಒಂದು ಜನಾಂಗವನ್ನೇ ಕಟ್ಟಿಬಿಟ್ಟಳು. ಮಕ್ಕಳೆಲ್ಲ ಸೇರಿದರೆ ನಮ್ಮಲ್ಲಿ ಕತೆಯಾಟ ನಡೆಯುತ್ತದೆ. ಒಬ್ಬರು ಕತೆ ಹೇಳಬೇಕು, ಉಳಿದವರು ಅದರೊಳಗಿನ ಪಾತ್ರ ಆಗಬೇಕು, ಮುಂದೇನಾಯಿತು ಅನ್ನುವುದನ್ನು ದಾಳ ಹೇಳಬೇಕು. ಈ ಸಲದ ಕತೆಗೆ ವ್ಯಾಪಾರಿಗಳು ಬೇಕಿತ್ತು. ಅವಳು ಹಾಳೆ ತುಂಬ ಬರೆದುಕೊಂಡು ಬಂದಳು. ಹೆಸರು ಹೇರಿನವರು. ಎತ್ತಿನ ಬೆನ್ನ ಮೇಲೆ ಸರಕು ಹೇರಿಕೊಂಡು ಊರೂರು ಸುತ್ತುವವರು. ಮೈತುಂಬ ಚಿನ್ನ. ತುಂಬ ಜಿಪುಣರು. ಯಾರು ಎದುರು ಸಿಕ್ಕರೂ ಮೂರು ಸಲ ಬಗ್ಗಿ ನಮಸ್ಕಾರ ಮಾಡುತ್ತಾರೆ.

"ಮೂರು ಸಲ ಯಾಕೆ?" ಅಂದೆ.

"ಸುಮ್ನೆ ಮಾವ. ಅದು ಅವರ ಸಂಪ್ರದಾಯ."

ಅಲ್ಲೇ ಸಿಕ್ಕಿಬಿದ್ದಳು. ನಾನು ಬೆಳೆದದ್ದು ಮಂಡ್ಯದಲ್ಲಿ, ಅಪ್ಪನ ಬೆಲ್ಲದ ಮಂಡಿಯ ಮೂಟೆಗಳ ಮೇಲೆ. ವ್ಯಾಪಾರದವರ ಪದ್ಧತಿಯಲ್ಲಿ 'ಸುಮ್ನೆ' ಅನ್ನುವುದು ಇರುವುದಿಲ್ಲ. ಒಂದೊಂದು ಪದ್ಧತಿಯ ಹಿಂದೆಯೂ ಒಂದು ಭಯ ಕೂತಿರುತ್ತದೆ. ದುಡ್ಡು ಮುಳುಗೀತು, ಅಳತೆ ತಪ್ಪೀತು, ದಾರಿಯಲ್ಲಿ ಸರಕು ಹೋದೀತು, ನಂಬಿದವನು ಕೈಕೊಟ್ಟಾನು. ಆ ಭಯ ಯಾವುದು ಅಂತ ಗೊತ್ತಾದರೆ ಪದ್ಧತಿ ತಾನಾಗಿಯೇ ಅರ್ಥವಾಗುತ್ತದೆ. ಗೊತ್ತಾಗದಿದ್ದರೆ ಅದು ನಾಟಕದ ವೇಷದ ಹಾಗೆ ಮೈಮೇಲೆ ಜೋತಾಡುತ್ತದೆ ಅಷ್ಟೆ.

ಸರಿ, ಇಬ್ಬರೂ ಕೂತು ಹೇರಿನವರನ್ನು ಮೊದಲಿಂದ ಕಟ್ಟಿದೆವು. ಹೇರಿನವರು ಪೂರ್ತಿ ಕಲ್ಪನೆ. ಆದರೆ ಅವರ ಒಂದೊಂದು ಪದ್ಧತಿಗೂ ಬೇರು ನಮ್ಮ ಸುತ್ತಮುತ್ತಲೋ, ಹಳೆಯ ಶಾಸನದಲ್ಲೋ, ದೂರದ ಯಾವುದೋ ಬಂದರಿನಲ್ಲೋ ಇದೆ.

ಮೊದಲು ಎಣಿಕೆ. ನಮ್ಮ ಕಡೆ ಕಣದಲ್ಲಿ ರಾಗಿ ಅಳೆಯುವುದನ್ನು ನೋಡಿದವರಿಗೆ ಇದು ಗೊತ್ತು. ಕೊಳಗ ಅಂದರೆ ಕಾಳು ಅಳೆಯುವ ಪಾತ್ರೆ. ಮೊದಲ ಕೊಳಗ ಎತ್ತಿ ಸುರಿಯುವಾಗ 'ಒಂದು' ಅನ್ನುವುದಿಲ್ಲ, 'ಲಾಭ' ಅನ್ನುತ್ತಾರೆ. ಆಮೇಲೆ ಎರಡು, ಮೂರು. ಇದು ಬರೀ ಶುಭ ನುಡಿಯುವ ಆಸೆ ಅಂತ ನಾನೂ ಅಂದುಕೊಂಡಿದ್ದೆ. ಆದರೆ ಅಳೆಯುವವನು ಆ ಸಂಖ್ಯೆಯನ್ನು ಮುಂದಿನ ಕೊಳಗ ತುಂಬುವವರೆಗೂ ರಾಗವಾಗಿ ಹೇಳುತ್ತಲೇ ಇರುತ್ತಾನೆ. 'ಎರಡೂ, ಎರಡೂ, ಎರಡು... ಮೂರೂ, ಮೂರೂ...' ಕೊಡುವವನೂ ಕೇಳಬೇಕು, ತೆಗೆದುಕೊಳ್ಳುವವನೂ ಕೇಳಬೇಕು, ಪಕ್ಕದಲ್ಲಿ ನಿಂತ ಮೂರನೆಯವನೂ ಕೇಳಬೇಕು. ಕಾಗದ ಇಲ್ಲದ ಕಡೆ ಬಾಯೇ ರಸೀದಿ. 'ಲಾಭ' ಅನ್ನುವ ಮೊದಲ ಮಾತು ಕೇಳಿದ ತಕ್ಷಣ ಅಳತೆ ಶುರುವಾಯಿತು, ಇನ್ನು ಮಾತು ಸಾಕು ಅಂತ ಎಲ್ಲರಿಗೂ ಗೊತ್ತಾಗುತ್ತದೆ.

ಹೇರಿನವರಿಗೂ ಇದನ್ನೇ ಕೊಟ್ಟೆವು. ಹುಡುಗಿ ಇನ್ನೊಂದು ಸೇರಿಸಿದಳು. "ಏಳು ಅಂದ್ರೆ ಎದ್ದೇಳು ಅಂತಾನೂ ಆಗತ್ತೆ ಅಲ್ವಾ ಮಾವ? ಗಿರಾಕಿ ಮುಂದೆ ಕೂತಿರೋವಾಗ ಏಳು ಅಂದ್ರೆ ಅವನು ಎದ್ದು ಹೋಗಲ್ವಾ?" ಅದಕ್ಕೇ ಹೇರಿನವರು ಏಳು ಅನ್ನುವುದಿಲ್ಲ. 'ಕೂರು' ಅನ್ನುತ್ತಾರೆ. ಲಾಭ, ಎರಡು, ಮೂರು, ನಾಲ್ಕು, ಐದು, ಆರು, ಕೂರು, ಎಂಟು.

ನಗಬೇಡಿ. ಕೆಟ್ಟ ಮಾತನ್ನು ಪಕ್ಕಕ್ಕೆ ಸರಿಸುವುದು ನಮ್ಮ ಮನೆಗಳಲ್ಲೂ ಇದೆ. ಬಳೆ ಒಡೆದರೆ 'ಬಳೆ ಹೆಚ್ಚಿತು' ಅನ್ನುತ್ತೇವೆ. ಹೊರಡುವಾಗ 'ಹೋಗ್ತೀನಿ' ಅಂದರೆ ಅಜ್ಜಿ ಬೈಯುತ್ತಿದ್ದರು, 'ಹೋಗ್ಬರ್ತೀನಿ' ಅನ್ನಬೇಕು. ಊರಿಂದೂರಿಗೆ ಹೋಗುವವರ ಬಾಯಲ್ಲಿ ಇಂಥವು ಜಾಸ್ತಿಯೇ ಇರುತ್ತವೆ.

ಇನ್ನು ಅಳತೆ. ನಮ್ಮಲ್ಲಿ ಪಾವು, ಸೇರು, ಕೊಳಗ, ಖಂಡುಗ ಇದ್ದವು. 20 ಕೊಳಗಕ್ಕೆ ಒಂದು ಖಂಡುಗ. ಲೆಕ್ಕ ಸುಲಭ. ತೊಂದರೆ ಏನೆಂದರೆ ಒಂದು ಊರಿನ ಕೊಳಗ ಇನ್ನೊಂದು ಊರಿನ ಕೊಳಗದಷ್ಟೇ ಇರುತ್ತಿರಲಿಲ್ಲ. ತಲೆ ಸವರಿ ಅಳೆದರೆ ಒಂದು, ರಾಶಿ ಬಿಟ್ಟು ಅಳೆದರೆ ಇನ್ನೊಂದು. ದೇಶಕ್ಕೆಲ್ಲ ಕಿಲೋ, ಲೀಟರ್ ಅಂತ ಕಾನೂನು ಬಂದದ್ದು 1956ರಲ್ಲಿ, ಅದೂ ಬಳಕೆಗೆ ಬರುವುದಕ್ಕೆ ವರ್ಷಗಳೇ ಹಿಡಿದವು. ಅದಕ್ಕೂ ಮುಂಚೆ ನಾಲ್ಕು ಊರು ಸುತ್ತುವ ವ್ಯಾಪಾರಿ ನಾಲ್ಕು ಕೊಳಗವನ್ನು ತಲೆಯಲ್ಲಿ ಇಟ್ಟುಕೊಂಡಿರಬೇಕಿತ್ತು. ಹೇರಿನವರು ಊರಿಗೆ ಬಂದ ತಕ್ಷಣ ಮಾಡುವ ಮೊದಲ ಕೆಲಸ 'ಕೊಳಗ ಕೂಡಿಸುವುದು'. ಊರಿನ ಕೊಳಗವನ್ನು ತುಂಬಿ ತಮ್ಮದಕ್ಕೆ ಸುರಿಯುತ್ತಾರೆ. ಎಲ್ಲರ ಮುಂದೆ, ಹಗಲಲ್ಲಿ. ಎಷ್ಟು ಉಳಿಯಿತು, ಎಷ್ಟು ಸಾಲದೆ ಬಂತು ಅಂತ ಊರ ಹಿರಿಯರು ಕೂಗಿ ಹೇಳುತ್ತಾರೆ. ನೋಡುವವರಿಗೆ ಪೂಜೆಯ ಹಾಗೆ ಕಾಣುತ್ತದೆ. ಆದರೆ ನಡೆಯುವುದು ತಕರಾರು ತಪ್ಪಿಸುವ ಕೆಲಸ.

ಅಳತೆ ಮುಗಿದ ಮೇಲೆ ಕೊಸರು. ಈ ಪದವನ್ನು ನಾನು ಬಿಡುವ ಹಾಗೇ ಇಲ್ಲ. ದೇವರಾಜ ಮಾರುಕಟ್ಟೆಯ ಹೂವಿನ ಸಾಲಿಗೆ ಬೆಳಿಗ್ಗೆ ಹೋಗಿ ನೋಡಿ. ಹೂವು ಮಾರುವ ಹೆಂಗಸು ಮಲ್ಲಿಗೆ ದಂಡೆಯ ತುದಿಯನ್ನು ಮಧ್ಯದ ಬೆರಳಿಗೆ ಒತ್ತಿ ಹಿಡಿಯುತ್ತಾಳೆ, ಮೊಣಕೈವರೆಗೆ ಎಳೆಯುತ್ತಾಳೆ, ಒಂದು ಮೊಳ. ಮತ್ತೆ ಎಳೆಯುತ್ತಾಳೆ, ಎರಡು. ಕತ್ತರಿಸುವ ಮುಂಚೆ ಒಂದು ಗಳಿಗೆ ನಿಲ್ಲುತ್ತಾಳೆ, ನಾಲ್ಕು ಬೆರಳಿನಷ್ಟು ಮುಂದಕ್ಕೆ ಬಿಟ್ಟು ಆಮೇಲೆ ಕತ್ತರಿಸುತ್ತಾಳೆ. ಆ ನಾಲ್ಕು ಬೆರಳು ಕೊಸರು. ಕುಳ್ಳಗಿನ ಹೆಂಗಸಿನ ಮೊಳ ಚಿಕ್ಕದು ಅನ್ನುವುದು ಇಬ್ಬರಿಗೂ ಗೊತ್ತು. ಕೊಸರು ಬಿದ್ದರೆ ಆ ಮಾತು ಎತ್ತುವ ಹಾಗಿಲ್ಲ. ಅಂದರೆ ಅಳತೆಯಲ್ಲಿ ಏನಾದರೂ ತಪ್ಪಿದ್ದರೆ ಅದನ್ನು ಮೊದಲೇ ತುಂಬಿಕೊಡುವುದು ಕೊಸರು. ಜಗಳಕ್ಕೆ ಮುಂಗಡ ಕೊಟ್ಟ ಪರಿಹಾರ.

ಅದಕ್ಕೇ ಹೇರಿನವರು ಜಿಪುಣರು ಅನ್ನುವ ಸಾಲನ್ನು ಮೊದಲು ಹೊಡೆದುಹಾಕಿಸಿದೆ. ವ್ಯಾಪಾರಿ ಅಂದರೆ ಜಿಪುಣ, ದುರಾಸೆಯವನು ಅಂತ ಬರೆಯುವುದು ಸೋಮಾರಿತನ. ಕತೆಯ ಜನಕ್ಕೆ ಅಂಟಿಸಿದ ಬೈಗುಳ ಎಲ್ಲೋ ಇರುವ ನಿಜವಾದ ಜನದ ಬಾಗಿಲಿಗೆ ಹೋಗಿ ನಿಲ್ಲುತ್ತದೆ. ಹೇರಿನವರಲ್ಲಿ ಕೊಸರು ಹಾಕದವನನ್ನು 'ಒಣಗೈ' ಅನ್ನುತ್ತಾರೆ. ಅವನು ಮೋಸಗಾರ ಅಂತ ಅಲ್ಲ. ಆದರೆ ಅವನ ಮಗನಿಗೆ ಹೆಣ್ಣು ಕೊಡುವಾಗ ಎರಡು ಸಲ ಯೋಚನೆ ಮಾಡುತ್ತಾರೆ. ಮೈತುಂಬ ಚಿನ್ನ ಮಾತ್ರ ಹಾಗೇ ಇರಲಿ ಅಂದೆ. ಮನೆ ಇಲ್ಲದವರಿಗೆ ಮೈಯೇ ತಿಜೋರಿ.

ಬೆಲೆ ಮಾತಾಡುವ ಪದ್ಧತಿ ನನಗೆ ಎಲ್ಲಕ್ಕಿಂತ ಇಷ್ಟ. ಚಿಕ್ಕವನಿದ್ದಾಗ ದೊಡ್ಡಪ್ಪನ ಜೊತೆ ಮುಡುಕುತೊರೆ ಜಾತ್ರೆಗೆ ಹೋಗಿದ್ದೆ. ತಿ. ನರಸೀಪುರ ತಾಲ್ಲೂಕಿನ ದನಗಳ ಜಾತ್ರೆ. ನಮ್ಮದೊಂದು ಜೊತೆ ಹಳ್ಳಿಕಾರ್ ಹೋರಿ ಮಾರಬೇಕಿತ್ತು. ದಲ್ಲಾಳಿ ಬಂದ. ಹಲ್ಲು ನೋಡಿದ, ಸುಳಿ ನೋಡಿದ, ಒಂದು ಮಾತೂ ಆಡಲಿಲ್ಲ. ಹೆಗಲ ಮೇಲಿನ ಟವೆಲ್ ತೆಗೆದು ದೊಡ್ಡಪ್ಪನ ಕೈಮೇಲೆ ಹಾಕಿ, ಅದರೊಳಗೆ ತನ್ನ ಕೈ ತೂರಿಸಿದ. ಇಬ್ಬರೂ ಮುಖ ಬೇರೆ ಕಡೆ ತಿರುಗಿಸಿಕೊಂಡು ನಿಂತರು. ಟವೆಲ್ ಮಾತ್ರ ಮಿಸುಕಾಡುತ್ತಿತ್ತು, ಒಳಗೆ ಇಲಿ ಸೇರಿಕೊಂಡ ಹಾಗೆ. ದೊಡ್ಡಪ್ಪ ಕೈ ಕೊಡವಿಕೊಂಡರು. ದಲ್ಲಾಳಿ ಮತ್ತೆ ಹಿಡಿದ. ಕೊನೆಗೆ ದೊಡ್ಡಪ್ಪನ ಗಡ್ಡ ಒಂದು ಸಲ ಕೆಳಗಿಳಿಯಿತು. ಮುಗಿಯಿತು. ನನಗೆ ಬೆಲೆ ಗೊತ್ತಾದದ್ದು ಊರಿಗೆ ಬಂದ ಮೇಲೆ.

ಒಳಗೆ ನಡೆಯುವುದು ಬೆರಳಿನ ಲೆಕ್ಕ. ಎಷ್ಟು ಬೆರಳು ಹಿಡಿದರೆ ಅಷ್ಟು ನೂರು, ಇಲ್ಲಾ ಅಷ್ಟು ಸಾವಿರ. ಐದೂ ಹಿಡಿದು, ಬಿಟ್ಟು, ಮತ್ತೆ ಎರಡು ಹಿಡಿದರೆ ಏಳು. ನೂರೋ ಸಾವಿರವೋ ಅನ್ನುವುದು ದನ ನೋಡಿದವರಿಗೆ ಗೊತ್ತೇ ಇರುತ್ತದೆ. ಜಾತ್ರೆಯಿಂದ ಜಾತ್ರೆಗೆ ಈ ಲೆಕ್ಕ ಸ್ವಲ್ಪ ಬೇರೆ.

ಇದನ್ನು ಯಾಕೆ ಮುಚ್ಚಿಡಬೇಕು? ಸುತ್ತ ಹತ್ತು ಜನ ನೋಡುತ್ತಿರುವಾಗ ಯಾರೋ ಕಡಿಮೆ ಬೆಲೆ ಕೂಗಿದರೆ ಎತ್ತಿಗೂ ಅವಮಾನ, ಸಾಕಿದವನಿಗೂ ಅವಮಾನ. ಅದು ಒಂದು. ಇನ್ನೊಂದು, ಒಬ್ಬನಿಗೆ ಇಳಿಸಿದ ಬೆಲೆ ಮುಂದಿನವನಿಗೆ ಗೊತ್ತಾದರೆ ಅವನು ಅಲ್ಲಿಂದಲೇ ಕೆಳಕ್ಕೆ ಶುರು ಮಾಡುತ್ತಾನೆ. ಟವೆಲ್ ಅಡಿಯಲ್ಲಿ ಪ್ರತಿ ವ್ಯಾಪಾರವೂ ಹೊಸದು. ಆದರೆ ಇದೇ ಟವೆಲ್ ದಲ್ಲಾಳಿಗೆ ಎರಡೂ ಕಡೆ ಬೇರೆ ಬೇರೆ ಬೆಲೆ ಹೇಳಿ ಮಧ್ಯದ್ದನ್ನು ಜೇಬಿಗಿಳಿಸುವ ದಾರಿಯೂ ಹೌದು. ಎಪಿಎಂಸಿಗಳಲ್ಲಿ ಬಹಿರಂಗ ಹರಾಜು, ಟೆಂಡರ್ ಬಂದದ್ದು ಇಂಥದ್ದಕ್ಕೇ. ಪದ್ಧತಿ ಅಂದರೆ ಹಾಗೆ. ಒಬ್ಬನ ಭಯಕ್ಕೆ ಮದ್ದು, ಇನ್ನೊಬ್ಬನಿಗೆ ಹೊಸ ಭಯ. ಹೇರಿನವರ ನಿಯಮದಲ್ಲಿ ಟವೆಲ್ ಅಡಿ ಮೂರನೆಯ ಕೈಯೂ ಇರಬೇಕು, ಮನೆಯ ಹೆಂಗಸಿನದು. ಅವಳು ಮಾತಾಡುವುದಿಲ್ಲ, ಬೆಲೆ ಮುಟ್ಟಿ ನೋಡುತ್ತಾಳೆ. ಇದು ನಮ್ಮ ಹುಡುಗಿಯದೇ ತೀರ್ಮಾನ. ನಾನು ಬಾಯಿ ಹಾಕಲಿಲ್ಲ.

ಈಗ ಸಾಲಕ್ಕೆ ಬರೋಣ. ಯಾವ ವ್ಯಾಪಾರಿ ಕುಲದ ಒಳಗುಟ್ಟೂ ಇರುವುದು ಇಲ್ಲೇ. 'ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ' ಅಂತ ನಮ್ಮ ಕಡೆ ಗಾದೆ. ಅಂಗಡಿಯಲ್ಲಿ 'ಇಂದು ನಗದು, ನಾಳೆ ಉದ್ರಿ' ಅಂತ ಬೋರ್ಡು. ಬೆಳಗಿನ ಬೋಣಿಯಂತೂ ನಗದೇ ಆಗಬೇಕು, ಆ ನೋಟನ್ನು ಕಣ್ಣಿಗೊತ್ತಿಕೊಂಡೇ ಗಲ್ಲಾಪೆಟ್ಟಿಗೆಗೆ ಹಾಕುವುದು. ಇದೆಲ್ಲ ನೋಡಿದರೆ ಸಾಲ ಅಂದರೆ ನಮಗೆ ಆಗದ ಸಂಗತಿ ಅನ್ನಿಸಬೇಕು. ಆದರೆ ಮದುವೆ ಮನೆಗೆ ಬನ್ನಿ.

ಅಲ್ಲಿ ಒಬ್ಬರು ನೋಟ್‌ಬುಕ್ ಹಿಡಿದು ಮುಯ್ಯಿ ಬರೆಯುತ್ತಾ ಕೂತಿರುತ್ತಾರೆ. ಹೆಸರು, ಊರು, ಎಷ್ಟು. 101, 501, 1001. ಆ ಪುಸ್ತಕವನ್ನು ಬೀರುವಿನಲ್ಲಿ ಒಡವೆ ಜೊತೆ ಇಡುತ್ತಾರೆ. ಅವರ ಮನೆ ಮದುವೆ ಬಂದಾಗ ಪುಸ್ತಕ ತೆಗೆದು ನೋಡಿ ವಾಪಸ್ಸು ಹಾಕಬೇಕು. ಗಮನಿಸಬೇಕಾದ್ದು ಇಲ್ಲಿದೆ. ಅಷ್ಟಕ್ಕಷ್ಟೇ ಹಾಕುವುದಿಲ್ಲ. ಅವರು 501 ಹಾಕಿದ್ದರೆ ಇವರು ಮೇಲೆ ಒಂದಿಷ್ಟು ಸೇರಿಸುತ್ತಾರೆ. ಅಷ್ಟಕ್ಕಷ್ಟೇ ಹಾಕಿದರೆ ಲೆಕ್ಕ ಚುಕ್ತಾ ಅಂತ ಅರ್ಥ. ಲೆಕ್ಕ ಚುಕ್ತಾ ಆದರೆ ನೆಂಟಸ್ತಿಕೆಯೂ ಚುಕ್ತಾ. ಹೊಲದ ಕೆಲಸದಲ್ಲೂ ಮುಯ್ಯಾಳು ಇದ್ದರಲ್ಲ, ಇವತ್ತು ನಾನು ನಿನ್ನ ಹೊಲಕ್ಕೆ, ನಾಳೆ ನೀನು ನನ್ನ ಹೊಲಕ್ಕೆ. ಅಲ್ಲೂ ಅಷ್ಟೇ, ಯಾರದ್ದಾದರೂ ಒಂದು ದಿನ ಬಾಕಿ ಇದ್ದೇ ಇರುತ್ತದೆ. ಸ್ವಲ್ಪ ಬಾಕಿ ಇರುವುದೇ ಸಂಬಂಧ.

ಇದನ್ನು ತೆಗೆದುಕೊಂಡು ಹೇರಿನವರಿಗೆ 'ಸಾಲದ ಹುರಿ' ಮಾಡಿದೆವು. ಕೊಡುವವನ ಹತ್ತಿರ ಒಂದು ಹುರಿ, ತೆಗೆದುಕೊಂಡವನ ಹತ್ತಿರ ಇನ್ನೊಂದು. ಎರಡರಲ್ಲೂ ಅಷ್ಟೇ ಗಂಟು. ತೀರಿಸಿದಷ್ಟೂ ಇಬ್ಬರೂ ಎದುರುಬದುರು ಕೂತು ಬಿಚ್ಚಬೇಕು. ಕೊನೆಯ ಒಂದು ಗಂಟನ್ನು ಮಾತ್ರ ಬಿಚ್ಚುವುದಿಲ್ಲ. ಲೆಕ್ಕವನ್ನು ಎರಡು ಭಾಗ ಮಾಡಿ ಇಬ್ಬರ ಹತ್ತಿರ ಇಡುವ ಉಪಾಯ ಹೊಸದೇನಲ್ಲ. ಇಂಗ್ಲೆಂಡಿನ ಖಜಾನೆ ನೂರಾರು ವರ್ಷ ಕೋಲಿನ ಮೇಲೆ ಗೀಟು ಕೊರೆದು, ಉದ್ದಕ್ಕೆ ಸೀಳಿ, ಅರ್ಧರ್ಧ ಇಟ್ಟುಕೊಳ್ಳುತ್ತಿತ್ತು. ಕೊನೆಗೆ 1834ರಲ್ಲಿ ಆ ಹಳೇ ಕೋಲುಗಳನ್ನು ಒಲೆಗೆ ಹಾಕಿ ಸುಡಲು ಹೋಗಿ ಪಾರ್ಲಿಮೆಂಟ್ ಕಟ್ಟಡವನ್ನೇ ಸುಟ್ಟುಕೊಂಡರು. ಸಾಲದ ಪತ್ರ ಸುಡುವಾಗ ಹುಷಾರಾಗಿರಬೇಕು.

ಹೇರಿನವರ ಮದುವೆಯಲ್ಲಿ ಎರಡೂ ಮನೆಯ ಹುರಿಗಳನ್ನು ಚಾಪೆಯ ಮೇಲೆ ಹಾಸುತ್ತಾರೆ. ಹಿರಿಯರು ಬೆರಳಾಡಿಸಿ ಓದುತ್ತಾರೆ. "ಗಂಟೇ ಇಲ್ಲದಿರೋ ಮನೆ ಒಳ್ಳೆ ಮನೆ ಅಲ್ವಾ?" ಅಂದಳು ಹುಡುಗಿ. ಇಲ್ಲ, ಆ ಮನೆಗೆ ಯಾರೂ ಹೆಣ್ಣು ಕೊಡುವುದಿಲ್ಲ. ಗಂಟಿಲ್ಲದ ಹುರಿ ಅಂದರೆ ಆ ಮನೆಯವರನ್ನು ಇಷ್ಟು ವರ್ಷ ಯಾರೂ ನಂಬಿಲ್ಲ, ಅವರೂ ಯಾರನ್ನೂ ನಂಬಿಲ್ಲ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಅದನ್ನು ಬರೆದುಕೊಂಡಳು.

ಮೋಸ ಮಾಡಿದವನನ್ನು ಏನು ಮಾಡಬೇಕು? ಊರಿಲ್ಲದವರಿಗೆ ಜೈಲೂ ಇಲ್ಲ, ಪೊಲೀಸೂ ಇಲ್ಲ. 11ನೇ ಶತಮಾನದಲ್ಲಿ ಕೈರೋದ ಯಹೂದಿ ವ್ಯಾಪಾರಿಗಳಿಗೂ ಇದೇ ಕಷ್ಟ ಇತ್ತು. ಸಮುದ್ರದಾಚೆಯ ಏಜೆಂಟ್ ದುಡ್ಡು ನುಂಗಿದರೆ ಯಾವ ಕೋರ್ಟಿಗೆ ಹೋಗುವುದು? ಅವರು ಕಾಗದ ಬರೆದರು. ಇಂಥವನು ಹೀಗೆ ಮಾಡಿದ ಅಂತ ಸುದ್ದಿ ಬಂದರಿಂದ ಬಂದರಿಗೆ ಹೋಗುತ್ತಿತ್ತು, ಅವನ ಜೊತೆ ವ್ಯವಹಾರ ನಿಲ್ಲುತ್ತಿತ್ತು. ಆ ಕಾಗದಗಳ ರಾಶಿ ಅಲ್ಲಿನ ಒಂದು ಪ್ರಾರ್ಥನಾ ಮಂದಿರದ ಉಗ್ರಾಣದಲ್ಲಿ ಉಳಿದುಕೊಂಡಿದ್ದರಿಂದ ನಮಗೆ ಇದು ಗೊತ್ತು. ಹೇರಿನವರು ಮೋಸಗಾರನ ಕೊಳಗವನ್ನು ಅವನ ಗುಡಾರದ ಮುಂದೆ ಬೋರಲು ಹಾಕುತ್ತಾರೆ. ಅಷ್ಟೇ. ಬೈಯುವುದಿಲ್ಲ, ಹೊಡೆಯುವುದಿಲ್ಲ. ಆದರೆ ಅವತ್ತಿಂದ ಯಾರೂ ಅವನಿಗೆ ಉಪ್ಪು, ಬೆಂಕಿ ಕೊಡುವುದಿಲ್ಲ.

ಇಷ್ಟೆಲ್ಲ ಆಗುವ ಹೊತ್ತಿಗೆ ಹುಡುಗಿಗೆ ಅನುಮಾನ ಬಂತು. ನಿಜವಾಗಲೂ ಇಂಥ ಜನ ಇದ್ದರಾ? ಇದ್ದರು, ನಮ್ಮಲ್ಲೇ ಇದ್ದರು. ಬಾಗಲಕೋಟೆ ಜಿಲ್ಲೆಯ ಐಹೊಳೆ ಗೊತ್ತಲ್ಲ, ದೇವಸ್ಥಾನಗಳ ಊರು. ಅದರ ಹಳೇ ಹೆಸರು ಅಯ್ಯಾವೊಳೆ. ಅಲ್ಲಿಂದ ಹೆಸರು ಪಡೆದ 'ಅಯ್ಯಾವೊಳೆ ಐನೂರ್ವರು' ಅನ್ನುವ ವರ್ತಕ ಸಂಘ ಶತಮಾನಗಳ ಕಾಲ ದಕ್ಷಿಣ ಭಾರತವನ್ನೆಲ್ಲ ಸುತ್ತಿತು. ಐನೂರು ಅನ್ನುವುದು ತಲೆ ಎಣಿಸಿ ಇಟ್ಟದ್ದಲ್ಲ, ಅದು ಹೆಸರಾಗಿಬಿಟ್ಟಿತ್ತು. ಕರ್ನಾಟಕ, ತಮಿಳುನಾಡು, ಆಂಧ್ರ, ಶ್ರೀಲಂಕಾ ಎಲ್ಲ ಕಡೆ ಅವರ ಶಾಸನಗಳಿವೆ. ಸುಮಾತ್ರಾ ದ್ವೀಪದ ಬಾರುಸ್ ಹತ್ತಿರ ಸಿಕ್ಕ 1088ರ ಒಂದು ತಮಿಳು ಶಾಸನದಲ್ಲೂ ಐನೂರ್ವರ ಹೆಸರಿದೆ. ಬಾರುಸ್ ಕರ್ಪೂರಕ್ಕೆ ಹೆಸರಾದ ಬಂದರು. ನಮ್ಮ ಮಂಗಳಾರತಿ ತಟ್ಟೆಯ ಕರ್ಪೂರಕ್ಕೆ ಅಷ್ಟು ದೂರದ ದಾರಿ ಇತ್ತು.

ಈ ಐನೂರ್ವರು ತಮ್ಮ ನಡವಳಿಕೆಗೆ 'ವೀರ ಬಣಂಜು ಧರ್ಮ' ಅಂತ ಹೆಸರಿಟ್ಟುಕೊಂಡಿದ್ದರು. ವ್ಯಾಪಾರಕ್ಕೆ ವೀರ ಯಾಕೆ ಸೇರಿತು? ಕಾಡುದಾರಿಯಲ್ಲಿ ಕಳ್ಳರಿದ್ದರು, ಅದಕ್ಕೆ. ಇವರ ಜೊತೆ ಆಯುಧ ಹಿಡಿದ ಕಾವಲಿನವರೂ ಹೋಗುತ್ತಿದ್ದರು. ಶಾಸನಗಳಲ್ಲಿ ಅವರ ಬಿರುದುಗಳನ್ನು ಓದಿದರೆ ಯಾವುದೋ ರಾಜನ ಹೊಗಳಿಕೆ ಅನ್ನಿಸುತ್ತದೆ. ದೊಡ್ಡ ಪೇಟೆಯ ವರ್ತಕರ ಮುಖ್ಯಸ್ಥನಿಗೆ 'ಪಟ್ಟಣಸ್ವಾಮಿ' ಅಂತ ಪದವಿ. 'ಶೆಟ್ಟಿ ಬಿಟ್ಟಲ್ಲೇ ಪಟ್ಟಣ' ಅನ್ನುವ ಗಾದೆ ಸುಮ್ನೆ ಹುಟ್ಟಿದ್ದಲ್ಲ.

ಅವರ ಇನ್ನೊಂದು ಪದ್ಧತಿಯನ್ನು ಹೇರಿನವರಿಗೆ ಹಾಗೇ ಎತ್ತಿಕೊಂಡೆವು. ದೇವಸ್ಥಾನಕ್ಕೆ ಅವರು ಕೊಡುತ್ತಿದ್ದುದು ಬರೀ ಕಾಣಿಕೆ ಅಲ್ಲ. ಒಂದು ಹೇರಿಗೆ ಇಷ್ಟು ಎಲೆ, ಇಷ್ಟು ಅಡಿಕೆ ಅಂತ ತಮ್ಮ ಸರಕಿನ ಮೇಲೆ ತಾವೇ ಸುಂಕ ಹಾಕಿಕೊಂಡು ಕಲ್ಲಿನ ಮೇಲೆ ಬರೆಸುತ್ತಿದ್ದರು. ಹೇರಿನವರಿಗೂ ದೇವರು ಪಾಲುದಾರ. ಲಾಭದಲ್ಲಿ ಪಾಲು ಇದ್ದ ಮೇಲೆ ನಷ್ಟದಲ್ಲೂ ಇರಬೇಕು. ಆದ್ದರಿಂದ ನಷ್ಟದ ವರ್ಷ ಅವರು ದೇವರ ಮುಂದೆ ಕೂತು ಲೆಕ್ಕ ಓದುತ್ತಾರೆ, ಜೋರಾಗಿ, ಸ್ವಲ್ಪ ಸಿಟ್ಟಿನಲ್ಲೇ.

ಯುದ್ಧ ಬಂದರೆ? ಇದಕ್ಕೆ ದೂರ ಹೋಗಬೇಕಿಲ್ಲ, ಶ್ರೀರಂಗಪಟ್ಟಣ ಸಾಕು. 1791ರಲ್ಲಿ ಟಿಪ್ಪುವಿನ ಮೇಲೆ ದಂಡೆತ್ತಿದ ಇಂಗ್ಲಿಷರ ಸೇನಾಪತಿ ಕಾರ್ನ್‌ವಾಲಿಸ್ ಅಲ್ಲಿಯವರೆಗೂ ಬಂದು, ಎತ್ತುಗಳು ಸತ್ತು, ದವಸ ಸಾಲದೆ, ತನ್ನ ದೊಡ್ಡ ಫಿರಂಗಿಗಳನ್ನು ತಾನೇ ಹಾಳುಮಾಡಿ ವಾಪಸ್ಸು ಹೋದ. ಮುಂದಿನ ವರ್ಷ ಮತ್ತೆ ಬಂದಾಗ ಅವನ ಸೈನ್ಯದ ಹೊಟ್ಟೆ ತುಂಬಿಸಿದ್ದರಲ್ಲಿ ಲಂಬಾಣಿಗಳ ಹೇರೆತ್ತುಗಳ ಪಾಲು ದೊಡ್ಡದು. ಕೋಟೆ ಕೊತ್ತಲದ ಕತೆ ಎಲ್ಲರೂ ಹೇಳುತ್ತಾರೆ, ಎತ್ತಿನ ಬೆನ್ನ ಮೇಲಿನ ಅಕ್ಕಿ ಮೂಟೆಯ ಕತೆ ಯಾರೂ ಹೇಳುವುದಿಲ್ಲ. ಎರಡು ಸೈನ್ಯಗಳ ನಡುವೆ ದವಸ ಸಾಗಿಸುವವನನ್ನು ಕೊಂದರೆ ನಾಳೆ ತಮಗೇ ಊಟ ಇಲ್ಲ ಅನ್ನುವುದೇ ಅಂಥವನ ರಕ್ಷಣೆ. ಹೇರಿನವರು ಯುದ್ಧದ ದಾರಿಯಲ್ಲಿ ಎತ್ತಿನ ಕೊಂಬಿಗೆ ಬಿಳಿ ಬಟ್ಟೆ ಕಟ್ಟುತ್ತಾರೆ. ಯಾರ ಕಡೆಯವರು ಅಂತ ಕೇಳಿದರೆ 'ಉಪ್ಪಿನ ಕಡೆಯವರು' ಅನ್ನುತ್ತಾರೆ.

ಕೊನೆಗೆ ಉಳಿದದ್ದು ಮೂರು ನಮಸ್ಕಾರ. ಅದಕ್ಕೆ ಉತ್ತರ ಸಿಕ್ಕಿದ್ದು ಸುಮಾರು 2,400 ವರ್ಷ ಹಿಂದಿನ ಗ್ರೀಕ್ ಇತಿಹಾಸಕಾರನೊಬ್ಬ ಬರೆದಿಟ್ಟ ಸಂಗತಿಯಲ್ಲಿ. ಕಾರ್ಥೇಜ್ ಅನ್ನುವ ಹಳೇ ಬಂದರು ಪಟ್ಟಣದ ವ್ಯಾಪಾರಿಗಳು ಆಫ್ರಿಕಾದ ಒಂದು ತೀರಕ್ಕೆ ಹೋಗಿ ಸರಕನ್ನು ಮರಳ ಮೇಲೆ ಸಾಲಾಗಿ ಇಟ್ಟು, ಹಡಗಿಗೆ ವಾಪಸ್ಸು ಹೋಗಿ, ಹೊಗೆ ಹಾಕುತ್ತಿದ್ದರಂತೆ. ಆ ತೀರದ ಜನ ಬಂದು ಪಕ್ಕದಲ್ಲಿ ಚಿನ್ನ ಇಟ್ಟು ದೂರ ಸರಿಯುತ್ತಿದ್ದರು. ಚಿನ್ನ ಸಾಲದಿದ್ದರೆ ಇವರು ಮುಟ್ಟದೆ ಮತ್ತೆ ಹಡಗಿಗೆ. ಅವರು ಇನ್ನಷ್ಟು ತಂದಿಡುತ್ತಿದ್ದರು. ಒಬ್ಬರ ಭಾಷೆ ಒಬ್ಬರಿಗೆ ಬೇಡ, ಒಬ್ಬರ ಮುಖ ಒಬ್ಬರು ನೋಡಬೇಕಾಗಿಯೂ ಇಲ್ಲ.

ಹಾಗಾಗಿ ಹೇರಿನವರು ಹೊಸ ಊರಿನವರ ಮುಂದೆ ಬಗ್ಗುವುದು ನಮಸ್ಕಾರಕ್ಕಲ್ಲ. ಸರಕು ಕೆಳಗಿಡುವುದಕ್ಕೆ. ಒಂದು ಸಲ ಬಗ್ಗಿ ಇಟ್ಟು ಹಿಂದೆ ಸರಿಯುತ್ತಾರೆ. ಎದುರಿನವರು ಇಟ್ಟದ್ದು ಸಾಲದಿದ್ದರೆ ಸರಕನ್ನು ಸ್ವಲ್ಪ ಕಡಿಮೆ ಮಾಡಲು ಎರಡನೇ ಸಲ ಬಗ್ಗುತ್ತಾರೆ. ಮೂರನೇ ಸಲಕ್ಕೆ ಬೆಲೆಯನ್ನಾದರೂ ಎತ್ತಿಕೊಳ್ಳಬೇಕು, ಇಲ್ಲಾ ಸರಕನ್ನಾದರೂ ಎತ್ತಿಕೊಳ್ಳಬೇಕು. ನಾಲ್ಕನೇ ಸಲ ಇಲ್ಲ. ನಾಲ್ಕನೇ ಸಲ ಬಗ್ಗುವವನ ಮನೆಯಲ್ಲಿ ಹಸಿವಿದೆ ಅಂತ ಎದುರಿನವನಿಗೆ ಗೊತ್ತಾಗಿಬಿಡುತ್ತದೆ. ದೂರದಿಂದ ನೋಡಿದ ಯಾರಿಗೋ ಅದು ಮೂರು ನಮಸ್ಕಾರದ ಹಾಗೆ ಕಂಡಿರಬೇಕು.

ಆಯುಧಪೂಜೆಯ ಹಿಂದಿನ ದಿನ ಅವಳನ್ನು ಮಾರುಕಟ್ಟೆಗೆ ಕರೆದುಕೊಂಡು ಹೋದೆ. ಸ್ಕೂಟರು, ಕಾರು, ಅಕ್ಕನ ಹೊಲಿಗೆ ಮಿಷನ್ನು ಎಲ್ಲಕ್ಕೂ ಸೇರಿ ಒಂದು ಡಜನ್ ನಿಂಬೆಹಣ್ಣು ಬೇಕಿತ್ತು. ಗೋಣಿಚೀಲದ ಮೇಲೆ ನಿಂಬೆ ರಾಶಿ ಹಾಕಿಕೊಂಡು ಒಬ್ಬ ಅಜ್ಜಿ ಕೂತಿದ್ದರು. "ನೀನೇ ಆರಿಸ್ಕೋ ಮಗಾ" ಅಂದರು. ಹುಡುಗಿ ಕುಕ್ಕರಗಾಲಲ್ಲಿ ಕೂತು ಒಂದೊಂದೇ ಎತ್ತಿ ಬ್ಯಾಗಿಗೆ ಹಾಕತೊಡಗಿದಳು. "ಲಾಭ, ಎರಡು, ಮೂರು, ನಾಲ್ಕು, ಐದು, ಆರು, ಕೂರು, ಎಂಟು..."

ಅಜ್ಜಿ ಎಲೆ ಮಡಿಸುತ್ತಿದ್ದ ಕೈ ನಿಲ್ಲಿಸಿ ನೋಡಿದರು. ಹನ್ನೆರಡು ಆದ ಮೇಲೆ ತಾವಾಗಿಯೇ ಇನ್ನೊಂದು ಎತ್ತಿ ಹಾಕಿದರು.

"ಯಾವ ಕಡೆಯವರವ್ವಾ ನೀವು?"

"ಹೇರಿನವರು ಅಜ್ಜಿ."

ಅಜ್ಜಿ ಸ್ವಲ್ಪ ಯೋಚನೆ ಮಾಡಿ ನನ್ನ ಕಡೆ ತಿರುಗಿದರು. "ಅದು ಯಾವ ತಾಲ್ಲೂಕಪ್ಪಾ?"